ಮನೆ ಹಿಂದಿನ ಬರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆ ಹಿಡಿದಿದೆ. ನಮ್ಮ ಕಾಸರಗೋಡಿನಲ್ಲಿ ಎಷ್ಟೋ ಮನೆಗಳಿಗೆ ಎದುರು ತೋಟ, ಹಿಂದೆ ಬರೆ, ಅಂದರೆ ಕಡಿದಾದ ಗುಡ್ಡದ ಮೈ. ಇವತ್ತು ಆ ಬರೆ ಜರಿಯುವ ಬಗ್ಗೆಯೇ ನನ್ನ ಮಾತು.

ಗುಡ್ಡದ ಒಳಗೆ ಏನಿದೆ ಅಂತ ನೀರಿಗಾಗಿ ಅದಕ್ಕೆ ಸುರಂಗ ತೋಡಿದವರನ್ನು ಕೇಳಬೇಕು. ಬಾಯಾರು, ಪಡ್ರೆ ಕಡೆಯ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು. ಮೇಲೆ ಮನೆ ಕಟ್ಟುವ ಕೆಂಪು ಮುರಕಲ್ಲು. ಗಟ್ಟಿ, ಆದರೆ ಮೈಯೆಲ್ಲ ತೂತು. ಮಳೆನೀರು ಅದರೊಳಗಿಂದ ಇಳಿಯುತ್ತದೆ. ಕೆಳಗೆ ಜೇಡಿಯಂಥ ನುಣ್ಣನೆಯ ಶೇಡಿಮಣ್ಣು, ನೀರು ಅಲ್ಲಿ ತಡೆಯುತ್ತದೆ. ಬೇಸಿಗೆಯಲ್ಲಿ ಸುರಂಗದಲ್ಲಿ ನೀರು ಒಸರುವುದು ಇದರಿಂದಲೇ. ಆದರೆ ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಮಳೆ ದಿನಗಟ್ಟಲೆ ಬಿಡದೆ ಹೊಯ್ದರೆ ಅದೇ ಶೇಡಿಮಣ್ಣು ನೆನೆದು ಬೆಣ್ಣೆಯ ಹಾಗಾಗುತ್ತದೆ. ಮೇಲಿನ ಭಾರವನ್ನೆಲ್ಲ ಹೊತ್ತುಕೊಂಡೇ ಜಾರುತ್ತದೆ.

ಗುಡ್ಡ ನಿಂತಿರುವುದು ಬುಡದ ಆಸರೆಯಲ್ಲಿ. ನಾವು ಜೆಸಿಬಿ ತಂದು, ಅಂಗಳ ಅಗಲ ಮಾಡಲು, ಆ ಬುಡವನ್ನೇ ಗೋಡೆಯ ಹಾಗೆ ನೆಟ್ಟಗೆ ಕಡಿಯುತ್ತೇವೆ. 2025ರ ಜುಲೈಯಲ್ಲಿ ಚೆರ್ವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಗೆ ಜರಿದದ್ದು ನೆನಪಿದೆ ಅಲ್ವಾ? ಅದರ ಹಿಂದಿನ ಜುಲೈಯಲ್ಲಿ ಅಂಕೋಲೆಯ ಶಿರೂರು. ಎರಡೂ ರಸ್ತೆಗಾಗಿ ಕಡಿದ ಗುಡ್ಡಗಳು.

ವಯನಾಡಿನ ಭೂಕುಸಿತ ಬೇರೆ ಬಗೆ. ಮಲಯಾಳದಲ್ಲಿ ಅದಕ್ಕೆ ಉರುಳ್‌ಪೊಟ್ಟಲ್ ಅನ್ನುತ್ತಾರೆ. ಎರಡು ದಿನದಲ್ಲಿ 572 ಮಿಲಿಮೀಟರ್ ಮಳೆ ಬಿದ್ದಿತ್ತು. 2024ರ ಜುಲೈ 30ರಂದು, ಬೆಳಕು ಹರಿಯುವ ಮೊದಲೇ, ಮೇಲೆ ಕಾಡಿನಲ್ಲಿ ಗುಡ್ಡ ಒಡೆಯಿತು. ಬಂಡೆ, ಮರ, ಕೆಸರು ಎಲ್ಲ ಹೊಳೆಯ ದಾರಿ ಹಿಡಿದು ಮುಂಡಕೈ, ಚೂರಲ್‌ಮಲೆಗೆ ನುಗ್ಗಿದವು. ಇನ್ನೂರಕ್ಕೂ ಜಾಸ್ತಿ ಜನ ಹೋದರು. ನಮ್ಮ ಜಿಲ್ಲೆಯ ಪಾಣತ್ತೂರು, ಮಾಲೋಂ ಕಡೆ ತೋಡಿನ ಬದಿಯಲ್ಲಿರುವವರೇ, ನಿಮ್ಮ ಮನೆಯ ಹತ್ತಿರ ಮಳೆ ಕಡಿಮೆಯಿದ್ದರೂ ಮೇಲಿನ ಮಲೆಯಲ್ಲಿ ಹೇಗಿದೆ ಅಂತ ವಿಚಾರಿಸಿ.

ಇನ್ನೊಂದು ಮಾತು. ಇಂಗುಗುಂಡಿ ತೋಡಿ ಅಂತ ನಾನೂ ಹಲವರಿಗೆ ಹೇಳಿದ್ದೇನೆ. ಸಮತಟ್ಟು ಜಾಗದಲ್ಲಿ ಅದು ಒಳ್ಳೆಯದೇ. ಮನೆಯ ಮೇಲಿನ ಕಡಿದಾದ ಇಳಿಜಾರಿನಲ್ಲಿ ಮಾತ್ರ ಖಂಡಿತ ಬೇಡ. ಅಲ್ಲಿ ಕಣಿ ಬಿಡಿಸಿ, ನೀರು ಬದಿಗೆ ಹರಿದು ಹೋಗಲಿ.

ಬರೆಯ ಮೇಲಿನ ನೆಲ ಬಿರಿದಿದೆಯಾ, ತೆಂಗಿನಮರ ವಾಲಿದೆಯಾ, ನಿನ್ನೆ ತಿಳಿಯಾಗಿದ್ದ ಒರತೆ ಇವತ್ತು ಕೆಂಪಾಗಿದೆಯಾ ನೋಡಿ. ಬಾಗಿಲು ಸುಮ್ನೆ ಸುಮ್ನೆ ಬಿಗಿಯಾಗತೊಡಗಿದರೆ ಮಳೆಗೆ ಮರ ಉಬ್ಬಿದ್ದು ಅಂತ ಬಿಟ್ಟುಬಿಡಬೇಡಿ, ಗೋಡೆಯನ್ನೂ ಒಮ್ಮೆ ನೋಡಿ. ತುಂಬಿ ಹರಿಯುತ್ತಿದ್ದ ತೋಡು ಜೋರು ಮಳೆಯಲ್ಲೇ ಬತ್ತಿದರೆ ಮೇಲೆಲ್ಲೋ ಮಣ್ಣು ಅಡ್ಡ ಬಿದ್ದಿರಬಹುದು. ಆಗ ಸಾಮಾನು ಕಟ್ಟುತ್ತಾ ಕೂರಬೇಡಿ. ಮಕ್ಕಳನ್ನು, ಅಜ್ಜಿಯನ್ನು ಕರೆದುಕೊಂಡು, ಹಟ್ಟಿಯ ದನದ ಹಗ್ಗ ಬಿಚ್ಚಿ, ಬರೆಯಿಂದ ದೂರ ಹೋಗಿ. ಆಮೇಲೆ ಜಿಲ್ಲೆಯ ತುರ್ತು ಸಹಾಯ ಸಂಖ್ಯೆ 1077ಕ್ಕೆ ಫೋನ್ ಮಾಡಿ.

ಇವತ್ತು ರಾತ್ರಿ ಮಳೆ ಜೋರಾದರೆ ಬರೆಗೆ ತಾಗಿದ ಕೋಣೆಯಲ್ಲಿ ಯಾರೂ ಮಲಗಬೇಡಿ. ಚಾಪೆ ಎದುರಿನ ಚಾವಡಿಗೆ ತನ್ನಿ.

ನಮಸ್ಕಾರ.