ಹೂ ಮಳೆಯ ವಾರ: ಮುನ್ಸೂಚನೆಯನ್ನು ಪೂರ್ತಿ ಓದೋಣ

ಎಲ್ಲರಿಗೂ ನಮಸ್ಕಾರ.

ಕಾಳುಮೆಣಸನ್ನು ಕಣದಲ್ಲಿ ಹರಡಿ ಬಂದವರು ಇಲ್ಲಿ ತುಂಬಾ ಜನ ಇದ್ದೀರಿ. ಮೋಡ ಆದರೆ ಮನೆಗೆ ಓಡಬೇಕು. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ: ಕಾಫಿ ಮೊಗ್ಗನ್ನು ಅರಳಿಸುವ ಹೂ ಮಳೆ, ಅದರ ಮುನ್ಸೂಚನೆ ಓದುವ ಬಗೆ.

ಮಾರ್ಚ್ ಬಂತು ಅಂದರೆ ನಮ್ಮ ಮೂಡಿಗೆರೆ, ಸಕಲೇಶಪುರದ ಕಡೆ ಇಬ್ಬರು ಎದುರಾದಾಗ ಬರುವ ಮೊದಲ ಮಾತು ಒಂದೇ. "ನಿಮ್ಮಲ್ಲಿ ಎಷ್ಟು ಸೆಂಟು ಬಿತ್ತು?" ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ ಮಳೆ. ಎರಡನೇ ಮಾತು, "ಮುಂದಿನ ವಾರ ಮಳೆ ಇದೆಯಂತಾ?" ಮೊದಲ ಪ್ರಶ್ನೆಗೆ ಎಲ್ಲರೂ ಸರಿಯಾಗಿ ಉತ್ತರ ಕೊಡುತ್ತೇವೆ. ಎರಡನೆಯದಕ್ಕೆ ಇದೆ ಅಥವಾ ಇಲ್ಲ ಅಂದುಬಿಡುತ್ತೇವೆ. ನಮಗೆ ನಷ್ಟ ಆಗುವುದು ಅಲ್ಲೇ.

ನನಗೆ ಆದದ್ದನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಇದೇ ದಿನಗಳಲ್ಲಿ, ರೊಬಸ್ಟಾ ಕಾಫಿಗೆ ನೀರು ಕೊಡಬೇಕು ಅಂತ ಕೆರೆಯಿಂದ ಪೈಪ್ ಎಳೆದು, ಸ್ಪ್ರಿಂಕ್ಲರ್ ಜೆಟ್ ನಿಲ್ಲಿಸಿ, ಡೀಸೆಲ್ ತಂದಿಟ್ಟಿದ್ದೆ. ಮುನ್ಸೂಚನೆಯಲ್ಲಿ ಗುರುವಾರ ಮಳೆ ಅಂತ ಇತ್ತು. ಸುಮ್ನೆ ಯಾಕೆ ಡೀಸೆಲ್ ಸುಡೋದು ಅಂತ ಪಂಪ್ ಹಾಕಲಿಲ್ಲ. ಗುರುವಾರ ಸಂಜೆ ಗುಡುಗಿತು, ಗಾಳಿ ಬಂತು, ಮಳೆಯೂ ಬಂತು. ಬೆಳಗ್ಗೆ ಮಳೆಮಾಪಕದ ಗಾಜು ಎತ್ತಿ ನೋಡಿದರೆ 38 ಸೆಂಟು. ಎರಡು ಕಿಲೋಮೀಟರ್ ಆಚೆ, ಗುಡ್ಡದ ಹಿಂದಿನ ತೋಟದಲ್ಲಿ 1 ಇಂಚು 10 ಸೆಂಟು! ಮಾರನೆಯ ದಿನವೇ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಿಸಬೇಕಿತ್ತು. ಇನ್ನೊಂದು ಮಳೆ ಬಂದೇ ಬರುತ್ತದೆ ಅಂತ ನಾಲ್ಕು ದಿನ ಕಾದೆ. ಬರಲಿಲ್ಲ. ಗಿಡದ ಹತ್ತಿರ ಹೋಗಿ ರೆಕ್ಕೆ, ಅಂದರೆ ಅಡ್ಡ ಕೊಂಬೆ, ಬಗ್ಗಿಸಿ ನೋಡಿದರೆ, ಬೆಳ್ಳಗೆ ಅರಳಬೇಕಿದ್ದ ಮೊಗ್ಗುಗಳು ಹಸಿರಾಗಿ, ಗಡುಸಾಗಿ, ಪುಟ್ಟ ನಕ್ಷತ್ರದ ಹಾಗೆ ಬಿರಿದು ನಿಂತಿದ್ದವು. ಸ್ಟಾರ್ ಹೂ. ಅದರಲ್ಲಿ ಕಾಯಿ ಕಚ್ಚುವುದಿಲ್ಲ.

ಆಮೇಲೆ ಆ ಮುನ್ಸೂಚನೆಯನ್ನು ಇನ್ನೊಮ್ಮೆ ಓದಿದೆ. "ದಕ್ಷಿಣ ಒಳನಾಡಿನ ಒಂದೆರಡು ಸ್ಥಳಗಳಲ್ಲಿ ಗುಡುಗು ಸಹಿತ ಹಗುರ ಮಳೆ" ಅಂತ ಬರೆದಿತ್ತು. ಅದು ಸುಳ್ಳಾಗಿರಲಿಲ್ಲ. ನಾನು ಅದರಲ್ಲಿ "ಮಳೆ" ಅನ್ನುವ ಒಂದು ಪದವನ್ನು ಮಾತ್ರ ಓದಿದ್ದೆ.

ಉಳಿದ ಪದಗಳಿಗೆ ಲೆಕ್ಕ ಇದೆ. ಹವಾಮಾನ ಇಲಾಖೆಯವರು ಒಂದೆರಡು ಸ್ಥಳ ಅಂದರೆ, ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ನೂರಕ್ಕೆ 25 ಕಡೆ ಮಳೆ ಎಂದರ್ಥ. ಕೆಲವು ಸ್ಥಳ ಅಂದರೆ 26ರಿಂದ 50. ಹಲವು ಸ್ಥಳ ಅಂದರೆ 51ರಿಂದ 75. ಬಹುತೇಕ ಸ್ಥಳ ಅಂದರೆ ಅದಕ್ಕೂ ಜಾಸ್ತಿ. ಒಂದೆರಡು ಸ್ಥಳ ಅಂತ ಬರೆದ ದಿನ ನಾಲ್ಕರಲ್ಲಿ ಮೂರು ಕಡೆ ಮಳೆ ಇಲ್ಲ ಅಂತಲೇ ಅವರು ಹೇಳುತ್ತಿದ್ದಾರೆ. ಆ ನಾಲ್ಕನೆಯದು ನಮ್ಮ ತೋಟವೇ ಆಗಬೇಕು ಅಂತ ಏನಿದೆ? ದಕ್ಷಿಣ ಒಳನಾಡು ಎಂದರೆ ಕೊಡಗು, ಹಾಸನ, ಚಿಕ್ಕಮಗಳೂರಿನಿಂದ ಹಿಡಿದು ಬೆಂಗಳೂರು, ಚಿತ್ರದುರ್ಗದವರೆಗೆ ಎಲ್ಲ ಸೇರುತ್ತದೆ ಅನ್ನುವುದೂ ನೆನಪಿರಲಿ. ಜಿಲ್ಲಾವಾರು ಮುನ್ಸೂಚನೆ ಸಿಗುವಾಗ ಅದನ್ನೇ ನೋಡಿ.

ಇನ್ನು "ಹಗುರ". ಇದು ಕಾಫಿಯವರು ಗೋಡೆ ಮೇಲೆ ಬರೆದಿಡಬೇಕಾದ ಮಾತು. ಹಗುರ ಮಳೆ ಎಂದರೆ 2.5ರಿಂದ 15.5 ಮಿಲಿಮೀಟರ್. ನಮ್ಮ ಲೆಕ್ಕಕ್ಕೆ ತಿರುಗಿಸಿ. ಒಂದು ಇಂಚಿಗೆ 25.4 ಮಿಲಿಮೀಟರ್. ಅಲ್ಲಿಗೆ ಹಗುರ ಮಳೆ 10 ಸೆಂಟಿನಿಂದ ಹೆಚ್ಚೆಂದರೆ 61 ಸೆಂಟು. ಹೂವಿಗೆ ನಮಗೆ ಬೇಕಾದದ್ದು ಒಂದರಿಂದ ಒಂದೂವರೆ ಇಂಚು. ಹಗುರ ಮಳೆ ಪೂರ್ತಿ ಬಂದರೂ ಅದು ಹೂ ಮಳೆ ಆಗುವುದಿಲ್ಲ! ಸಾಧಾರಣ ಮಳೆ ಅಂತ ಇದ್ದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು. ಅದು 15.6ರಿಂದ 64.4 ಮಿಲಿಮೀಟರ್, ಅಂದರೆ 61 ಸೆಂಟಿನಿಂದ ಎರಡೂವರೆ ಇಂಚು.

ಈ ಮಳೆ ಯಾಕೆ ಇಷ್ಟು ಚೂರು ಚೂರಾಗಿ ಬರುತ್ತದೆ? ಜುಲೈ ಮಳೆ ಸಮುದ್ರದಿಂದ ಗೋಡೆ ಹಾಗೆ ಬಂದು ಘಟ್ಟಕ್ಕೆ ಬಡಿಯುತ್ತದೆ. ಇಡೀ ತಾಲ್ಲೂಕು ನೆನೆಯುತ್ತದೆ. ಈಗಿನದು ಹಾಗಲ್ಲ. ಉತ್ತರದ ಕಡೆಯಿಂದ ಒಣಗಾಳಿ ಬರುತ್ತದೆ, ಬಂಗಾಳಕೊಲ್ಲಿ ಕಡೆಯಿಂದ ತೇವದ ಗಾಳಿ ಬರುತ್ತದೆ. ಇವೆರಡೂ ಸಂಧಿಸುವ ಒಂದು ಗೆರೆ ಮಹಾರಾಷ್ಟ್ರದ ಒಳನಾಡಿನಿಂದ ಕರ್ನಾಟಕದ ಮೇಲೆ ಹಾದು ದಕ್ಷಿಣಕ್ಕೆ ಎಳೆದುಕೊಂಡಿರುತ್ತದೆ. ಆ ಗೆರೆ ಒಂದು ದಿನ ನಮ್ಮ ಮೇಲೆ, ಇನ್ನೊಂದು ದಿನ ತುಮಕೂರಿನ ಮೇಲೆ. ಅದರ ಜೊತೆಗೆ ಮಧ್ಯಾಹ್ನದ ಬಿಸಿಲು ನೆಲ ಕಾಯಿಸಬೇಕು. ಕಾದ ಗಾಳಿ ಮೇಲೇರಿ, ಮೂರು ಗಂಟೆ ಹೊತ್ತಿಗೆ ಹೂಕೋಸಿನ ಹಾಗೆ ಮೋಡ ಉಬ್ಬುತ್ತದೆ. ಒಂದೊಂದು ಮೋಡವೂ ಕೆಲವೇ ಕಿಲೋಮೀಟರ್ ಅಗಲ. ಅದು ಸುರಿದ ಕಡೆ ಸುರಿಯಿತು. ಪಕ್ಕದಲ್ಲಿ ಧೂಳು ಹಾಗೇ ಇರುತ್ತದೆ. ಇಂಥ ಮೋಡ ಮುಂದಿನ ಬುಧವಾರ ಯಾರ ತೋಟದ ಮೇಲೆ ಏಳುತ್ತದೆ ಅಂತ ಇವತ್ತು ಯಾರೂ ಹೇಳಲಾರರು. ಗೆರೆ ಯಾವ ಕಡೆ ಇರಬಹುದು, ತೇವ ಎಷ್ಟಿರಬಹುದು ಅನ್ನುವುದನ್ನು ಹೇಳಬಹುದು. ವಾರದ ಮುನ್ಸೂಚನೆ ಮಾಡುವುದು ಅದನ್ನೇ.

ಹಾಗಾಗಿ ಏಳು ದಿನದ ಪಟ್ಟಿಯನ್ನು ಒಂದೇ ತೂಕದಲ್ಲಿ ಓದಬೇಡಿ. ಮೊದಲ ಎರಡು ದಿನದ ಮೇಲೆ ಕೆಲಸ ಇಟ್ಟುಕೊಳ್ಳಬಹುದು. ಮೂರು, ನಾಲ್ಕನೇ ದಿನಕ್ಕೆ ತಯಾರಿ ಮಾಡಿಕೊಳ್ಳಬಹುದು. ಐದರಿಂದ ಏಳನೇ ದಿನ ಬರೀ ಸೂಚನೆ. ಅದನ್ನು ದಿನಾ ಹೊಸದಾಗಿ ನೋಡಬೇಕು. ಐದನೇ ದಿನದ ಮಳೆ ನಂಬಿ ಇವತ್ತು ಪಂಪ್ ನಿಲ್ಲಿಸುವುದು ತಪ್ಪು ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಕೆರೆಯಲ್ಲಿ ನೀರಿದ್ದು, ಮೊಗ್ಗು ತಯಾರಾಗಿದ್ದು, ಪಟ್ಟಿಯಲ್ಲಿ ಒಂದೆರಡು ಕಡೆ ಹಗುರ ಮಳೆ ಅಂತಷ್ಟೇ ಇದ್ದರೆ, ನೀರು ಕೊಡಿ.

ನೀರು ಕೊಟ್ಟಿರಿ, ಇಲ್ಲವೇ ಮಳೆಯೇ ಬಂತು ಅಂತಿಟ್ಟುಕೊಳ್ಳಿ. ಅಲ್ಲಿಗೆ ಮುನ್ಸೂಚನೆ ನೋಡುವ ಕೆಲಸ ಮುಗಿಯಲಿಲ್ಲ, ಶುರುವಾಯಿತು. ರೊಬಸ್ಟಾ ಏಳೆಂಟು ದಿನಕ್ಕೆ ಅರಳುತ್ತದೆ, ಅರೇಬಿಕಾ ಒಂಬತ್ತು ಹತ್ತು ದಿನಕ್ಕೆ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಗಾಳಿ ತರಬೇಕು, ಜೇನು ತರಬೇಕು. ಅರಳಿದ ಬೆಳಗ್ಗೆ ಮಳೆ ಹೊಡೆದರೆ ಪರಾಗ ತೊಳೆದು ಹೋಗುತ್ತದೆ. ಮಳೆಯನ್ನು ತಡೆಯಲು ಆಗುವುದಿಲ್ಲ, ನಿಜ. ಆದರೆ ಆ ದಿನ ಪಕ್ಕದ ಬ್ಲಾಕಿಗೆ ಸ್ಪ್ರಿಂಕ್ಲರ್ ಹಾಕದೇ ಇರುವುದು, ಯಾವ ಔಷಧಿಯೂ ಹೊಡೆಯದೇ ಇರುವುದು ನಮ್ಮ ಕೈಯಲ್ಲೇ ಇದೆ. ಹೂ ಬಾಡಿದ ಮೇಲೆ ಮೂರು ವಾರದ ಒಳಗೆ ಬ್ಯಾಕಿಂಗ್ ಮಳೆ, ಅಂದರೆ ಕಚ್ಚಿದ ಕಾಯಿ ನಿಲ್ಲಲು ಎರಡನೇ ಮಳೆ, ಬೇಕು. ಅದಕ್ಕೂ ಇದೇ ಲೆಕ್ಕ.

ನಮ್ಮಪ್ಪ ಇದನ್ನೆಲ್ಲ ಮಳೆ ನಕ್ಷತ್ರದ ಮೇಲೆ ಹೇಳುತ್ತಿದ್ದರು. ಮಾರ್ಚ್ ಕೊನೆಗೆ ರೇವತಿ, ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ಕೊನೆಗೆ ಭರಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅನ್ನುವ ಗಾದೆ ನಿಮಗೂ ಗೊತ್ತು. ಆ ಲೆಕ್ಕದ ಬಗ್ಗೆ ನನಗೆ ಗೌರವ ಇದೆ. ಹದಿಮೂರು ಹದಿನಾಲ್ಕು ದಿನದ ಒಂದು ಮಳೆ ಸಾಮಾನ್ಯವಾಗಿ ಹೇಗೆ ನಡೆದುಕೊಳ್ಳುತ್ತದೆ ಅಂತ ತಲೆಮಾರುಗಳು ನೋಡಿ ಇಟ್ಟದ್ದು ಅದು. ಪಂಪ್ ಯಾವ ದಿನ ಹಾಕಬೇಕು ಅನ್ನುವುದಕ್ಕೆ ಮಾತ್ರ ಅದು ಸಾಲದು.

ಕೋಲಾರದ ಕಡೆ ಮಾವಿನವರಿಗೆ ಇದೇ ಮಳೆ ಆಲಿಕಲ್ಲಾಗಿ ಬಿದ್ದರೆ ಮಿಡಿ ಉದುರುತ್ತದೆ. ಕಲಬುರಗಿ, ರಾಯಚೂರಿನವರಿಗೆ ಈ ವಾರಗಳಲ್ಲಿ ಬಿಸಿಲಿನ ಎಚ್ಚರಿಕೆಯೇ ಮುಖ್ಯ. ಒಂದೇ ರಾಜ್ಯ, ಒಂದೇ ವಾರ, ಬೇರೆ ಬೇರೆ ಓದು.

ಕೊನೆಗೆ ಸಿಡಿಲು. ಈ ಕಾಲದಲ್ಲಿ ಹಳದಿ ಎಚ್ಚರಿಕೆ ಬಂದರೆ ಸಾಮಾನ್ಯವಾಗಿ ಗುಡುಗು, ಸಿಡಿಲು, ಬಿರುಗಾಳಿಗೆ ಬರುತ್ತದೆ. ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಈಗ ಮೆಣಸು ಕೊಯ್ಲು. ಜನ ಅಲ್ಯೂಮಿನಿಯಂ ಏಣಿ ಮೇಲೆ, ಮೆಣಸಿನ ಬಳ್ಳಿ ಹಬ್ಬಿದ ಎತ್ತರದ ಸಿಲ್ವರ್ ಓಕ್ ಮರದಲ್ಲಿ ಇರುತ್ತಾರೆ. ಮಿಂಚು ಕಂಡ ಮೇಲೆ ಎಣಿಸಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಅದು ಹತ್ತು ಕಿಲೋಮೀಟರ್ ಒಳಗೇ ಇದೆ. ತಕ್ಷಣ ಏಣಿ ಇಳಿಸಿ, ಎಲ್ಲರನ್ನೂ ಪಕ್ಕಾ ಕಟ್ಟಡದೊಳಗೆ ಕಳಿಸಿ. ಮರದ ಕೆಳಗೆ ಬೇಡ. ಕೊನೆಯ ಗುಡುಗು ಕೇಳಿಸಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರುವುದು ಬೇಡ. ಆ ಹೊತ್ತಿಗೆ ಕೂಲಿ ಕಡಿಯಬೇಡಿ ಅಂತ ತೋಟದ ಯಜಮಾನರಲ್ಲಿ ಕೈ ಮುಗಿದು ಕೇಳುತ್ತೇನೆ.

ಮಳೆಮಾಪಕ ಇಲ್ಲದವರು ಸ್ವಲ್ಪ ನಿಲ್ಲಿ. ಹೊರಗೆ ಅಂಗಳದಲ್ಲಿ ಒಂದನ್ನು ಇಟ್ಟಿದ್ದೇನೆ. ಪಕ್ಕದ ಮರ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟು ದೂರದಲ್ಲಿ ನಿಲ್ಲಿಸಬೇಕು. ದಿನಾ ಬೆಳಗ್ಗೆ ಎಂಟೂವರೆಗೆ ಅಳೆಯಬೇಕು, ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಬನ್ನಿ, ನೀರು ಹಾಕಿ ಓದುವುದು ಹೇಗೆ ಅಂತ ತೋರಿಸುತ್ತೇನೆ.