ಹೆದರುವ ನಾಯಿಗೆ ಎಂಥ ಮನೆ ಬೇಕು?

ಕೇಳುಗರಿಗೆಲ್ಲ ನಮಸ್ಕಾರ. ಬೀದಿಯಿಂದ ತಂದ, ಮನುಷ್ಯರನ್ನು ಕಂಡರೆ ನಡುಗುವ ನಾಯಿಯನ್ನು ಯಾರಿಗೆ ಕೊಡಬೇಕು? ನನ್ನ ಉತ್ತರ ಒಂದೇ. ಸದ್ದು ಕಡಿಮೆ ಇರುವ ಮನೆಗೆ ಕೊಡಿ. ತೋಟ ಎಷ್ಟು ಎಕರೆ ಅಂತ ಕೇಳಬೇಡಿ. ದಿನಕ್ಕೆ ಎಷ್ಟು ಜನ ಬಂದು ಹೋಗುತ್ತಾರೆ ಅಂತ ಕೇಳಿ.

ಗೋಣಿಕೊಪ್ಪದ ಬಸ್ ನಿಲ್ದಾಣದ ಹತ್ತಿರ ಸಿಕ್ಕಿದ ಒಂದು ಕಂದು ಹೆಣ್ಣುನಾಯಿ ನಮ್ಮಲ್ಲಿತ್ತು. ಯಾರಾದರೂ ಬಂದರೆ ಸಾಕು, ಬಾಲ ಹೊಟ್ಟೆಯಡಿ ಸೇರಿಸಿಕೊಂಡು ಬೆಂಚಿನ ಕೆಳಗೆ ನುಸುಳುತ್ತಿತ್ತು. ಹೋಂಸ್ಟೇ ನಡೆಸುವ ದಂಪತಿ ನೋಡಲು ಬಂದರು. ಒಳ್ಳೆಯ ಜನ, ದೊಡ್ಡ ಅಂಗಳ. ಬಿಸ್ಕತ್ತು ಹಿಡಿದು, ಬಗ್ಗಿ, 'ಬಾ ಪುಟ್ಟಿ, ಬಾ' ಅಂತ ಕರೆದಷ್ಟೂ ಅದು ಗೋಡೆಗೆ ಒತ್ತಿಕೊಂಡಿತು. ಅವರ ಮನೆಯಲ್ಲಿ ಶನಿವಾರ ಭಾನುವಾರ ಬಂತೆಂದರೆ ಹೊಸ ಹೊಸ ಮುಖಗಳು, ರಾತ್ರಿ ಬೆಂಕಿ ಹಾಕಿ ಹಾಡು ಕುಣಿತ. ಆಗಲ್ಲ ಅಂದೆ. ಬೇಜಾರು ಮಾಡಿಕೊಂಡರು. ಮಾಡಿಕೊಳ್ಳಲಿ ಬಿಡಿ.

ಆಮೇಲೆ ವಿರಾಜಪೇಟೆ ಕಡೆಯ ಒಬ್ಬ ಅಜ್ಜಿ ಬಂದರು. ನಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕೆ ಬೆನ್ನು ಹಾಕಿ ಕೂತು, ನನ್ನ ಜೊತೆ ಕರಿಮೆಣಸಿನ ರೇಟು ಮಾತಾಡುತ್ತಾ, ಅಕ್ಕಿರೊಟ್ಟಿ ಚೂರುಗಳನ್ನು ಹಿಂದಕ್ಕೆ ಹಾಕುತ್ತಿದ್ದರು. ಮೊದಲ ಚೂರುಗಳು ಹಾಗೇ ಬಿದ್ದಿದ್ದವು. ಹೊರಡುವ ಹೊತ್ತಿಗೆ ನಾಯಿ ತೆವಳಿಕೊಂಡು ಬಂತು. ಕೊಡವ ಸೀರೆಯ ನೆರಿಗೆ ಹಿಂದಿರುತ್ತದಲ್ಲ, ಅದನ್ನೇ ಮೂಸಿತು. ಅಜ್ಜಿ ಆಗಲೂ ತಿರುಗಲಿಲ್ಲ! ಅದೇ ನೋಡಿ ಬೇಕಾದ ಗುಣ. ಅವರ ಮನೆಯಲ್ಲಿ ವಯಸ್ಸಾದ, ಸಮಾಧಾನದ ಇನ್ನೊಂದು ನಾಯಿಯೂ ಇತ್ತು. ಅಂಥದ್ದು ಜೊತೆಗಿದ್ದರೆ ಹೆದರುವ ನಾಯಿಗೆ ಎಷ್ಟೋ ಧೈರ್ಯ.

ಪುತ್ತರಿ, ಅಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬದ ರಾತ್ರಿ, ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರೆ, ಅಲ್ವಾ? ಬೇಡ ಅನ್ನೋಕಾಗುತ್ತಾ? ಅಜ್ಜಿ ಸಂಜೆಯೇ ನಾಯಿಯನ್ನು ಒಳಕೋಣೆಗೆ ಸೇರಿಸಿ, ಕಿಟಕಿ ಮುಚ್ಚಿ, ರೇಡಿಯೋ ಜೋರು ಮಾಡಿದರಂತೆ. ಆಕಾಶವಾಣಿಯಿಂದ ಹೀಗೂ ಒಂದು ಉಪಕಾರ!

ಅಯ್ಯೋ, ಸಮಯ ಆಗುತ್ತಾ ಬಂತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಕೊಡುವ ಮುಂಚೆ ರೇಬೀಸ್ ಲಸಿಕೆ, ಸಂತಾನಹರಣ ಚಿಕಿತ್ಸೆ ಆಗಿರಲಿ. ಮೊದಲ ಕೆಲವು ವಾರ ಹಗ್ಗವಿಲ್ಲದೆ ಹೊರಗೆ ಬಿಡಬೇಡಿ. ಗಾಬರಿಯಾಗಿ ಕಾಫಿ ತೋಟಕ್ಕೆ ನುಗ್ಗಿದ ನಾಯಿ ಕರೆದರೆ ಬರಲ್ಲ, ಕತ್ತಲಾದರೆ ಚಿರತೆ ಕಾಟ ಬೇರೆ. ಕುತ್ತಿಗೆ ಬೆಲ್ಟ್ ಒಂದೇ ಸಾಲದು, ಹಿಂದಕ್ಕೆ ಜಗ್ಗಿದರೆ ತಲೆಯಿಂದ ಜಾರುತ್ತದೆ. ಎದೆಗೆ ಹಾಕುವ ಬೆಲ್ಟೂ ಇರಲಿ. ಮುದ್ದಾಡಲು ಅವಸರ ಬೇಡ. ಸರಿಹೋಗದಿದ್ದರೆ ಬೀದಿಗೆ ಬಿಡಬೇಡಿ, ಕೊಟ್ಟವರಿಗೇ ವಾಪಸ್ ಕೊಡಿ.

ಮತ್ತೆ, ಮನೆ ನೋಡಲು ಹೋದಾಗ ಜಗಲಿಯಲ್ಲಿ ಹತ್ತು ನಿಮಿಷ ಸುಮ್ನೆ ಕೂತು ಕೇಳಿಸಿಕೊಳ್ಳಿ. ಟಿವಿ, ಕೂಗಾಟ, ಗೇಟಿನ ಸದ್ದು ಜಾಸ್ತಿ ಅನ್ನಿಸಿದರೆ ಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ. ನಮಸ್ಕಾರ.