ಮೈ ಕೆಂಪೇರಿಸುವ ಬಿ3, ಕೆಂಪೇರಿಸದ ಬಿ3

(ದೃಶ್ಯ: ದಾವಣಗೆರೆಯ ಮನೆಯೊಂದರ ಅಡುಗೆಕೋಣೆ. ಮೇಜಿನ ಮೇಲೆ ಎರಡು ಮಾತ್ರೆ ಡಬ್ಬಿ, ಒಂದು ಬಟ್ಟಲು ಶೇಂಗಾ.)

ನಮಸ್ಕಾರ. ಹೋದ ವಾರ ನಮ್ಮ ಚಿಕ್ಕಮ್ಮ ಬರಿ ಹೊಟ್ಟೆಯಲ್ಲಿ ಒಂದು ವಿಟಮಿನ್ ಮಾತ್ರೆ ನುಂಗಿದರು. ಅರ್ಧ ಗಂಟೆಯೊಳಗೆ ಮುಖ, ಕುತ್ತಿಗೆ, ಎದೆ ಎಲ್ಲ ಕೆಂಪಾಗಿ ಉರಿಯತೊಡಗಿತು. ಗಾಬರಿಯಿಂದ ನನಗೆ ಫೋನ್ ಮಾಡಿದರು. ಉಸಿರಾಟ ಸರಿಯಿದೆಯೇ, ತುಟಿ ಊದಿದೆಯೇ ಎಂದು ಮೊದಲು ಕೇಳಿದೆ; ಹಾಗಾಗಿದ್ದರೆ ನೇರ ಆಸ್ಪತ್ರೆಗೇ ಹೋಗಬೇಕು. ಆಗಿರಲಿಲ್ಲ. ಡಬ್ಬಿಯ ಹಿಂಬದಿ ಓದಿಸಿದೆ: ನಿಕೋಟಿನಿಕ್ ಆಸಿಡ್, 100 ಮಿಲಿಗ್ರಾಂ.

(ಡಬ್ಬಿಯ ಹಿಂಬದಿಯ ಸಮೀಪದೃಶ್ಯ.)

ವಿಟಮಿನ್ ಬಿ3 (ನಯಾಸಿನ್) ಎಂಬ ಒಂದೇ ಹೆಸರಿನಡಿ ಎರಡು ರೂಪಗಳಿವೆ; ಚಿಕ್ಕಮ್ಮನ ಮಾತ್ರೆ ಅದರಲ್ಲೊಂದು. ನಿಕೋಟಿನಿಕ್ ಆಸಿಡ್ ಚರ್ಮದ ಕೆಲವು ಜೀವಕೋಶಗಳಿಂದ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ. ಸಣ್ಣ ರಕ್ತನಾಳಗಳು ಹಿಗ್ಗಿ ರಕ್ತ ನುಗ್ಗುತ್ತದೆ, ಅದೇ ಆ ಉರಿ. ವಯಸ್ಕರಿಗೆ ದಿನಕ್ಕೆ ಬೇಕಾಗುವುದು ಸುಮಾರು 14ರಿಂದ 16 ಮಿಲಿಗ್ರಾಂ. 30ರಿಂದ 50 ಮಿಲಿಗ್ರಾಂ ಒಮ್ಮೆಲೇ ಸೇವಿಸಿದರೂ ಕೆಲವರ ಮುಖ ಕೆಂಪೇರುತ್ತದೆ.

ಇನ್ನೊಂದು ರೂಪ ನಿಕೋಟಿನಮೈಡ್. ಬಿ3 ಕೊರತೆಯನ್ನು ಇದೂ ನೀಗಿಸುತ್ತದೆ, ಉರಿ ತರಿಸುವುದಿಲ್ಲ. ಆದರೆ ಇದು ಕೊಲೆಸ್ಟ್ರಾಲ್ ಇಳಿಸುವುದಿಲ್ಲ! ವೈದ್ಯರು ಕೊಲೆಸ್ಟ್ರಾಲ್‌ಗೆಂದೇ ನಿಕೋಟಿನಿಕ್ ಆಸಿಡ್ ಬರೆದಿದ್ದರೆ ನೀವಾಗಿಯೇ ಮಾತ್ರೆ ಬದಲಿಸಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

‘ಉರಿಯಿಲ್ಲದ ನಯಾಸಿನ್’ ಎಂದು ಮಾರುವ ಇನೊಸಿಟಾಲ್ ಹೆಕ್ಸಾನಿಕೋಟಿನೇಟ್ ಬಗ್ಗೆ ನನಗೆ ಸಿಟ್ಟಿದೆ. ಅದರಿಂದ ರಕ್ತಕ್ಕೆ ಸೇರುವ ನಿಕೋಟಿನಿಕ್ ಆಸಿಡ್ ತೀರಾ ಕಡಿಮೆ. ಉರಿಯೂ ಇಲ್ಲ, ಕೊಲೆಸ್ಟ್ರಾಲ್‌ಗೆ ಪ್ರಯೋಜನವೂ ಇಲ್ಲ. ನಿಧಾನವಾಗಿ ಕರಗುವ ಮಾತ್ರೆಗಳಲ್ಲಿ ಉರಿ ಕಡಿಮೆ, ಆದರೆ ಹೆಚ್ಚಿನ ಪ್ರಮಾಣದಲ್ಲಿ ಯಕೃತ್ತಿಗೆ ಹಾನಿಯ ಭಯ ಹೆಚ್ಚು.

(ದೃಶ್ಯ: ದಾವಣಗೆರೆ ಸುತ್ತಲಿನ ಮೆಕ್ಕೆಜೋಳದ ಹೊಲ.)

ನಮ್ಮ ಜಿಲ್ಲೆಯ ಈ ಬೆಳೆಗೂ ಬಿ3ಗೂ ಹಳೆಯ ನಂಟಿದೆ. ಮೆಕ್ಕೆಜೋಳದಲ್ಲಿ ಬಿ3 ಇದ್ದರೂ ಅದು ಬಂಧಿತವಾಗಿರುತ್ತದೆ, ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಅಮೆರಿಕದಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದ್ದ ಬಡವರನ್ನು ಬಿ3 ಕೊರತೆಯಿಂದ ಬರುವ ಪೆಲಾಗ್ರ ಕಾಯಿಲೆ ಕಾಡಿತು. 1937ರಲ್ಲಿ ಅಲ್ಲಿನ ವಿಜ್ಞಾನಿ ಕಾನ್ರಾಡ್ ಎಲ್ವೆಹ್ಯೆಮ್, ನಾಯಿಗಳಲ್ಲಿ ಅದೇ ಬಗೆಯ ಕಾಯಿಲೆಯನ್ನು ನಿಕೋಟಿನಿಕ್ ಆಸಿಡ್ ವಾಸಿಮಾಡುತ್ತದೆ ಎಂದು ತೋರಿಸಿದರು. ಪಕ್ಕದ ಚಳ್ಳಕೆರೆ ಸೀಮೆಯ ಶೇಂಗಾದಲ್ಲಾದರೋ ಬಿ3 ಧಾರಾಳ: 100 ಗ್ರಾಂಗೆ ಸುಮಾರು 12 ಮಿಲಿಗ್ರಾಂ. ಮಂಡಕ್ಕಿಗೆ ಒಂದು ಹಿಡಿ ಬೆರೆಸಿಕೊಂಡರೂ ಲಾಭವೇ.

(ಮತ್ತೆ ಅಡುಗೆಕೋಣೆ.)

ಒಂದು ಗಂಟೆಯಲ್ಲಿ ಚಿಕ್ಕಮ್ಮನ ಉರಿ ಇಳಿಯಿತು. ಸೋಮವಾರ ಡಬ್ಬಿ ಹಿಡಿದುಕೊಂಡೇ ವೈದ್ಯರ ಬಳಿ ಹೋಗುತ್ತೇವೆ. ಬಲ ಬರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಕೊಂಡದ್ದು ಅದು; ಅವರಿಗೆ ಬಿ3 ಕೊರತೆ ಇದೆಯೇ ಎಂದು ಈವರೆಗೆ ಯಾರೂ ನೋಡಿಲ್ಲ.